ಅಕ್ಕ ಬಿಡ್ತು ಅನ್ನಲಿಲ್ಲ

ಊರಿಗೆ ಊರೇ ಒಂದು ಸಿನಿಮಾ ಯಾವಾಗ ಬರುತ್ತೋ ಅಂತ ಕಾಯುತ್ತಿದ್ದಾಗ, ಅದು ಬಾರದೇ ಇರಲಪ್ಪಾ ಅಂತ ಜಯನಗರದಲ್ಲಿ ಒಬ್ಬಳು ಗಣಪತಿಗೆ ಗರಿಕೆ ಏರಿಸುತ್ತಿದ್ದಳು. ಅವಳು ನಾನೇ. ಕೆಲಸದಲ್ಲಿದ್ದಷ್ಟು ಕಾಲವೂ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದವಳು, ಪರೀಕ್ಷೆ ಡ್ಯೂಟಿಗೆ ಹೊರಡುವಾಗಲೂ ರಾಹುಕಾಲ ನೋಡುತ್ತಿದ್ದ ಸಹೋದ್ಯೋಗಿಗಳನ್ನು ಸ್ಟಾಫ್ ರೂಮಿನಲ್ಲಿ ಕೂತು ಗೇಲಿ ಮಾಡಿದವಳು. ಅದಕ್ಕೇ ಈ ಗರಿಕೆ ವಿಷಯ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಗಂಡನಿಗೆ ಗೊತ್ತಾಗಿದ್ದರೆ ಮಾರನೇ ದಿನ ಬೆಳಗಿನ ವಾಕಿಂಗ್ ಗುಂಪಿಗೆಲ್ಲ ಅದೇ ಸುದ್ದಿಯಾಗುತ್ತಿತ್ತು.

ಶುರುವಾಗಿದ್ದು ಆ ಸಿನಿಮಾದ ಮೊದಲ ಭಾಗ ನೋಡಿದ ದಿನ. ನಾನು, ಅಕ್ಕ ಇಬ್ಬರೇ ಹೋಗಿದ್ದೆವು. ಅಕ್ಕ ಮದುವೆ ಬೇಡ ಅಂದವಳು. ಟೆಲಿಫೋನ್ ಇಲಾಖೆಯಲ್ಲಿ ದುಡಿದು ರಿಟೈರ್ ಆಗಿ, ತಲಘಟ್ಟಪುರದ ಕಡೆ ಒಂದು ಪುಟ್ಟ ಫ್ಲಾಟ್ ತೆಗೆದುಕೊಂಡು ತನ್ನ ಪಾಡಿಗೆ ತಾನಿದ್ದಳು. ಸಿನಿಮಾ ಅಂದರೆ ಅವಳಿಗೆ ಪ್ರಾಣ. ಆದರೆ ಥಿಯೇಟರಿನಲ್ಲಿ ಅವಳ ಪಕ್ಕ ಕೂರುವುದು ಶಿಕ್ಷೆ. ಮಾತಾಡುವ ಹಾಗಿಲ್ಲ, ಕುರುಕುಲು ತಿನ್ನುವ ಹಾಗಿಲ್ಲ, ಮುಂದಿನ ಸೀಟಿನವನು ಫೋನ್ ತೆಗೆದರೆ ಬಗ್ಗಿ ಅವನ ಹೆಗಲು ತಟ್ಟಿ, "ಸಾರ್, ಮನೇಲಿ ನೋಡ್ಕೊಳಿ" ಅನ್ನುತ್ತಾಳೆ.

ಅವತ್ತು ನೋಡಿದ್ದು ಬನಶಂಕರಿ ಕಡೆಯ ಒಂದು ಹಳೇ ಥಿಯೇಟರಿನಲ್ಲಿ. ಕಥೆ ಒಂದು ಮುತ್ತಿಗೆಯದು. ಕೋಟೆಯನ್ನು ಶತ್ರು ಸುತ್ತುವರಿದಿದ್ದಾನೆ, ಒಳಗೆ ಕಣಜ ಬರಿದಾಗುತ್ತಿದೆ, ರಾಜ ಸತ್ತಿದ್ದಾನೆ, ಮಕ್ಕಳು ಕಿತ್ತಾಡುತ್ತಿದ್ದಾರೆ. ಕೊನೆಗೆ ವಯಸ್ಸಾದ ರಾಣಿ ಕೋಟೆಯ ಅಡಿಯಲ್ಲಿರುವ ಕಲ್ಯಾಣಿಗೆ ಇಳಿಯುತ್ತಾಳೆ. ಅದರ ತಳದಿಂದ ಹೊರಗಿನ ಹೊಳೆಗೆ ಒಂದು ದಾರಿ ಇದೆಯಂತೆ. ಇದೆ ಅಂತ ಅತ್ತೆ ಹೇಳಿದ್ದು ಕೇಳಿದ್ದಾಳೆಯೇ ಹೊರತು ಕಂಡವರು ಯಾರೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ದೊಡ್ಡದಾಗಿ ಉಸಿರೆಳೆದುಕೊಂಡು ಮುಳುಗುತ್ತಾಳೆ. ಸಂಗೀತ ಇಲ್ಲ, ಮಾತಿಲ್ಲ. ನೀರಿನ ಮೇಲೆ ಗುಳ್ಳೆಗಳು ಬರುತ್ತವೆ. ಸ್ವಲ್ಪ ಹೊತ್ತಿಗೆ ಗುಳ್ಳೆಗಳೂ ನಿಲ್ಲುತ್ತವೆ. ಪರದೆ ಕಪ್ಪಾಗಿ, ಉಳಿದದ್ದು ಎರಡನೇ ಭಾಗದಲ್ಲಿ ಅಂತ ಅಕ್ಷರ ಮೂಡಿತು.

ಜನ ಎದ್ದೇಳಲೇ ಇಲ್ಲ. ಹಿಂದಿನಿಂದ ಒಬ್ಬ, "ಏನ್ ಗುರು ಇದು, ಹಿಂಗ್ ಬಿಟ್ಬಿಟ್ರು" ಅಂದ. ಅಷ್ಟು ದೊಡ್ಡ ಸಿನಿಮಾ ಅಷ್ಟು ಸುಮ್ಮನೆ ಮುಗಿದದ್ದು ನನಗೆ ಇವತ್ತಿಗೂ ಬಹಳ ದೊಡ್ಡ ಕೆಲಸ ಅನ್ನಿಸುತ್ತದೆ.

ಹೊರಗೆ ಬಂದಾಗ ಮುಸ್ಸಂಜೆ. ಮೆಟ್ಟಿಲ ಮೇಲೆ ನಿಂತು ಅಕ್ಕ ಕನ್ನಡಕ ಒರೆಸಿಕೊಳ್ಳುತ್ತಾ ಅಂದಳು, "ಎರಡ್ನೇ ಪಾರ್ಟ್ ನೋಡೋವರ್ಗೂ ಯಮ ಬಂದ್ರೂ ಆಚೆ ಕೂತಿರಪ್ಪಾ ಅಂತೀನಿ. ನೋಡಿದ್ಮೇಲೆ ಬೇಕಾದ್ರೆ ಕರ್ಕೊಂಡ್ ಹೋಗ್ಲಿ."

"ಬಿಡ್ತು ಅನ್ನು" ಅಂದೆ ನಾನು. ಬಾಯಿ ತಾನಾಗಿ ಅಂದಿತು.

ನಮ್ಮ ಮನೆಯಲ್ಲಿ ಬೆಳೆದವರಿಗೆ ಅದು ಸೀನು ಬಂದ ಹಾಗೆ ಬರುವ ಮಾತು. ಸಾವು, ರೋಗ, ಬೆಂಕಿ ಇಂಥದ್ದನ್ನು ಯಾರಾದರೂ ತಮಾಷೆಗೆ ಬಾಯಿಗೆ ತಂದರೂ ಅಜ್ಜಿ ಕೈಲಿದ್ದ ಕೆಲಸ ಬಿಟ್ಟು ಬಂದು ಬಿಡ್ತು ಅನ್ನಿಸುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ನಾವು ಏನಂದರೂ ಅಸ್ತು ಅಂದುಬಿಡುತ್ತಾರೆ ಅನ್ನುವುದು ಅವರ ಭಯ. ಬಿಡ್ತು ಅಂದರೆ ಆಡಿದ ಮಾತು ಬಿಟ್ಟುಹೋಯಿತು, ಇನ್ನು ಅದಕ್ಕೆ ಬಲವಿಲ್ಲ. ಆದರೆ ಅದಕ್ಕೊಂದು ಷರತ್ತಿತ್ತು. ಆಡಿದ ಬಾಯೇ ಅದನ್ನು ಅನ್ನಬೇಕು. ಪಕ್ಕದವರು ಅವರ ಪರವಾಗಿ ಎಷ್ಟು ಸಲ ಅಂದರೂ ಉಪಯೋಗವಿಲ್ಲ.

"ಯಾಕನ್ಬೇಕು? ಕೆಟ್ ಮಾತೇನಾಡ್ದೆ ನಾನು? ಸ್ವಲ್ಪ ಟೈಮ್ ಕೇಳ್ದೆ ಅಷ್ಟೆ" ಅಂದಳು ಅಕ್ಕ.

"ಅಕ್ಕ, ಸುಮ್ನೆ ಅಂದ್ಬಿಡು."

"ಕೆಮಿಸ್ಟ್ರಿ ಮೇಡಂ ನೋಡಮ್ಮಾ" ಅಂತ ನಕ್ಕು ಮೆಟ್ಟಿಲಿಳಿದುಬಿಟ್ಟಳು. ಹೋಟೆಲಿನಲ್ಲಿ ಖಾಲಿ ದೋಸೆ ತಿನ್ನುವಷ್ಟರಲ್ಲಿ ನಾನೂ ಅದನ್ನು ಮರೆತೆ.

ಮರೆತದ್ದು ನೆನಪಾಗುವ ಹಾಗಾದದ್ದು ಮುಂದಿನ ಮಳೆಗಾಲದಲ್ಲಿ. ಸ್ನಾನ ಮಾಡುವಾಗ ಎದೆಯ ಪಕ್ಕ ಕೈಗೆ ಏನೋ ಸಿಕ್ಕಿತು ಅಂತ ಅಕ್ಕ ಫೋನಿನಲ್ಲಿ ಹೇಳಿದಳು, ತರಕಾರಿ ರೇಟು ಹೇಳುವ ಧ್ವನಿಯಲ್ಲಿ. ಆಮೇಲೆ ಎಲ್ಲ ಒಂದರ ಹಿಂದೆ ಒಂದು. ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆ, ಬಯಾಪ್ಸಿ, ಆಪರೇಷನ್, ಕೀಮೋ. ಅವಳನ್ನು ನಮ್ಮ ಮನೆಗೇ ಕರೆತಂದೆ. ಕೂದಲು ಉದುರಿತು, ಹುಬ್ಬೂ ಉದುರಿತು. ಬಾಯಿ ತುಂಬ ಹುಣ್ಣು, ಮಜ್ಜಿಗೆ ಅನ್ನವೂ ಉರಿ. ಅಂಥ ಹೊತ್ತಲ್ಲೂ ಅವಳು ಕೇಳುತ್ತಿದ್ದದ್ದು ಒಂದೇ, "ಶೂಟಿಂಗ್ ಎಲ್ಲೀವರ್ಗೂ ಬಂತಂತೆ?" ನಾನು ಮಂಚದ ಪಕ್ಕ ಕೂತು ಪೇಪರಿನ ಸಿನಿಮಾ ಪುಟ ಓದಿ ಹೇಳುತ್ತಿದ್ದೆ. ರಾಜಸ್ಥಾನದಲ್ಲಿ ಆನೆಗಳ ದೃಶ್ಯ ತೆಗೆದರಂತೆ, ಹೈದರಾಬಾದಿನಲ್ಲಿ ಇಡೀ ಕೋಟೆ ಕಟ್ಟಿದ್ದಾರಂತೆ. ರಾಣಿ ಬದುಕುತ್ತಾಳಾ ಅಂತ ಮಾತ್ರ ಯಾವ ಪೇಪರಿನವನೂ ಬರೆಯಲಿಲ್ಲ.

ನಾಲ್ಕನೇ ಕೀಮೋ ಆದ ಮೇಲೆ ಜ್ವರ ಬಂದು ಐಸಿಯುಗೆ ಹಾಕಿದರು. ಬಿಳಿ ರಕ್ತಕಣ ತೀರ ಇಳಿದಿತ್ತು. ಡಾಕ್ಟರು ನನ್ನ ಮುಖ ನೋಡದೆ, "ನೋಡೋಣ" ಅಂದರು. ಸಂದರ್ಶಕರ ಹೊತ್ತಿನಲ್ಲಿ ಮಾಸ್ಕು, ಗೌನು ಹಾಕಿಸಿ ಒಳಗೆ ಬಿಟ್ಟರು. ಅಕ್ಕ ಕಣ್ಣು ಬಿಟ್ಟು ನನ್ನ ಅವತಾರ ನೋಡಿದಳು. ತುಟಿ ಒಣಗಿ ಬಿರುಕು ಬಿಟ್ಟಿತ್ತು.

"ಭಯ ಬೀಳ್ಬೇಡ್ವೇ. ಇನ್ನೂ ಪಿಚ್ಚರ್ ಬಂದಿಲ್ಲ" ಅಂದಳು.

ಆ ವಾರ ಜ್ವರ ಇಳಿಯಿತು. ಆಮೇಲಿನ ಟ್ರೀಟ್‌ಮೆಂಟೂ ಮುಗಿಯಿತು. ಸ್ಕ್ಯಾನ್ ಕ್ಲಿಯರ್ ಅಂದರು. ಅಕ್ಕ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ತಲಘಟ್ಟಪುರಕ್ಕೆ ವಾಪಸು ಹೋದಳು. ನಾನು ಮಾತ್ರ ಆ ಐಸಿಯುವಿನಲ್ಲೇ ಉಳಿದುಬಿಟ್ಟೆ. ಅವಳು ಅಂದದ್ದು ನಡೆದಿತ್ತಲ್ಲ. ಯಮ ಬಂದಿದ್ದ, ಆಚೆ ಕೂತಿರು ಅಂದಿದ್ದಕ್ಕೆ ಕೂತಿದ್ದ. ಹಾಗಾದರೆ ಮಾತಿನ ಇನ್ನರ್ಧ? ಅರ್ಧ ನಿಜವಾದ ಮಾತು ಅಲ್ಲಿಗೇ ನಿಲ್ಲುತ್ತದೆಯೇ? ಕೆಮಿಸ್ಟ್ರಿ ಓದಿದ ತಲೆ ಛೀ ಅನ್ನುತ್ತಿತ್ತು. ಆದರೆ ಹೊಟ್ಟೆಯೊಳಗೆ ಏನೋ ಒಂದು, ಅಡುಗೆಮನೆಯಲ್ಲಿ ನಲ್ಲಿ ಸರಿಯಾಗಿ ನಿಲ್ಲಿಸದೇ ಮಲಗಿದ ಹಾಗೆ, ತೊಟ್ಟಿಕ್ಕುತ್ತಲೇ ಇತ್ತು.

ಬಿಡ್ತು ಅನ್ನಿಸಿಬಿಡೋಣ ಅಂತ ಮತ್ತೆ ಪ್ರಯತ್ನಪಟ್ಟೆ. ಒಂದು ಭಾನುವಾರ ಅವಳ ಮನೆಯಲ್ಲಿ ಅವರೆಕಾಳು ಹಿಸುಕುತ್ತಾ ಕೂತಿದ್ದಾಗ ಹಳೇ ಮಾತು ತೆಗೆದೆ. ಅಕ್ಕ ಹಿಸುಕಿದ ಕಾಳನ್ನು ಬಟ್ಟಲಿಗೆ ಹಾಕಿ ನನ್ನನ್ನೇ ನೋಡಿದಳು.

"ಅದಿನ್ನೂ ಇಟ್ಕೊಂಡಿದ್ದೀಯಾ? ಸರಿ, ಅಂತೀನಿ. ಆದ್ರೆ ಯೋಚ್ನೆ ಮಾಡು. ಬಿಡ್ತು ಅಂದ್ರೆ ಪೂರ್ತಿ ಮಾತೇ ಬಿಟ್ಟುಹೋಗುತ್ತೆ. ನೋಡೋವರ್ಗೂ ಇರ್ತೀನಿ ಅಂದಿದ್ದೂ ಹೋಗುತ್ತೆ. ಪರ್ವಾಗಿಲ್ವಾ?"

ಅವಳು ತಮಾಷೆಗೇ ಅಂದಿದ್ದು. ಕಣ್ಣಲ್ಲಿ ನಗು ಇತ್ತು. "ಅನ್ನಲಾ? ಬಿ..." ಅಂತ ಬಾಯಿ ತೆರೆದಳು. ನಾನು ಎದ್ದು ಅವಳ ಬಾಯಿ ಮುಚ್ಚಿಬಿಟ್ಟೆ. ಕೈಯೆಲ್ಲ ಅವರೆ ಸೊಗಡು. ಅವಳು ನಗುತ್ತಾ ತಲೆ ಕೊಡವಿದಳು, ನಾನು ಕೈ ತೆಗೆಯಲಿಲ್ಲ. ಅವಳ ಬಿಸಿ ಉಸಿರು ನನ್ನ ಅಂಗೈಗೆ ತಾಗುತ್ತಿತ್ತು. ಆ ಮಾತನ್ನು ಹಿಂದೆ ತೆಗೆದುಕೊಳ್ಳುವುದಕ್ಕೂ ನನಗೀಗ ಭಯ, ಬಿಡುವುದಕ್ಕೂ ಭಯ.

ಅಲ್ಲಿಂದ ಮುಂದೆ ನನಗೆ ಉಳಿದದ್ದು ಒಂದೇ ದಾರಿ. ಸಿನಿಮಾ ಬರಬಾರದು. ಮೊದಲ ಸಲ ಬಿಡುಗಡೆ ಮುಂದಕ್ಕೆ ಹೋದಾಗ, ಗ್ರಾಫಿಕ್ಸ್ ಮುಗಿದಿಲ್ಲ ಅಂತ ಟೀವಿಯಲ್ಲಿ ಹೇಳಿದರು. ನನ್ನ ಗಂಡ, "ಇಷ್ಟು ವರ್ಷ ಏನ್ ಮಣ್ಣು ಹೊರ್ತಿದ್ರಂತೆ?" ಅಂತ ರೇಗಾಡಿದರು. ನಾನು ಒಳಗೆ ಹೋಗಿ ಪಾಯಸಕ್ಕಿಟ್ಟೆ. ಏನು ವಿಶೇಷ ಅಂತ ಕೇಳಿದರು. ಶ್ಯಾವಿಗೆ ಹುಳ ಬೀಳುವುದರಲ್ಲಿತ್ತು ಅಂದೆ. ಇನ್ನೊಂದು ಸಲ ಹೀರೋ ಕಾಲು ಉಳುಕಿಸಿಕೊಂಡ. ಅವನಿಗೆ ಒಳ್ಳೆಯದಾಗಲಿ, ನಿಧಾನವಾಗಿ ಒಳ್ಳೆಯದಾಗಲಿ ಅಂತ ಬೇಡಿಕೊಂಡೆ. ಆಮೇಲೆ ಯಾರೋ ಕೋರ್ಟಿಗೆ ಹೋದರು. ಹೀಗೆ ದಿನ ತಳ್ಳುತ್ತಾ ತಳ್ಳುತ್ತಾ, ಅಕ್ಕನಿಗೆ ಬೆಳ್ಳಗಿನ ಗುಂಗುರು ಕೂದಲು ಬಂತು, ಅವಳು ಮತ್ತೆ ಒಬ್ಬಳೇ ಮೆಟ್ರೊ ಹತ್ತಿ ನಮ್ಮ ಮನೆಗೆ ಬರುವಂತಾದಳು.

ಇದರ ಜೊತೆಗೆ ಇನ್ನೊಂದನ್ನೂ ಹೇಳಬೇಕು, ಇಲ್ಲದಿದ್ದರೆ ಸುಳ್ಳಾಗುತ್ತದೆ. ನನಗೂ ಆ ಸಿನಿಮಾ ನೋಡಬೇಕಿತ್ತು. ರಾಣಿ ಮೇಲೆ ಬಂದಳೋ ಇಲ್ಲವೋ ಅಂತ ಪಾತ್ರೆ ತೊಳೆಯುವಾಗಲೂ ಯೋಚಿಸುತ್ತಿದ್ದೆ. ಬರಲಿ ಅನ್ನುವ ಆಸೆಗೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ಆಮೇಲೆ ಒಂದು ಬೇಸಿಗೆ ಅಕ್ಕನ ಕೈಗಡಿಯಾರ ಜಾರತೊಡಗಿತು. ಕೈ ಎತ್ತಿದರೆ ಮೊಣಕೈವರೆಗೆ ಇಳಿಯುತ್ತಿತ್ತು, ಅವಳು ಅದನ್ನು ಮಾತಿನ ನಡುವೆಯೇ ಮೇಲಕ್ಕೆ ಏರಿಸಿಕೊಳ್ಳುತ್ತಿದ್ದಳು. ಊಟಕ್ಕೆ ಕೂತರೆ ಸಾರನ್ನಕ್ಕೇ ಸಾಕು ಅನ್ನುತ್ತಿದ್ದಳು. ಒಂದು ದಿನ ನಮ್ಮ ಜಯನಗರ ಸ್ಟೇಷನ್ನಿನಲ್ಲಿ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಬೆನ್ನ ಮೇಲೆ ಕೈಯಿಟ್ಟುಕೊಂಡು, ಗೋಡೆಯ ಮೇಲಿನ ಜಾಹೀರಾತು ಓದುವವಳ ಹಾಗೆ ನಟಿಸಿದಳು. ಅದು ಗಂಡಸರ ಬನಿಯನ್ ಜಾಹೀರಾತು.

"ಸ್ಕ್ಯಾನ್ ಯಾವಾಗ?" ಅಂದೆ. ಆರು ತಿಂಗಳಿಗೊಮ್ಮೆ ಮಾಡಿಸಬೇಕಿತ್ತು, ಗಡುವು ಕಳೆದು ಬಹಳ ದಿನವಾಗಿತ್ತು.

"ಸಿನಿಮಾ ನೋಡ್ಕೊಂಡು ಮಾಡಿಸ್ತೀನಿ. ಮುಂದಿನ್ ತಿಂಗ್ಳೇ ಬರ್ತಿದೆಯಲ್ಲ."

"ಸಿನಿಮಾಗೂ ಸ್ಕ್ಯಾನ್‌ಗೂ ಏನ್ ಸಂಬಂಧ?"

"ಅದನ್ನ ನೀನ್ ಕೇಳ್ತಿದ್ದೀಯಾ!" ಅಂದಳು.

ಮುಂದಿನ ತಿಂಗಳು ಸಿನಿಮಾ ಬರಲಿಲ್ಲ. ಮತ್ತೆ ಮುಂದಕ್ಕೆ ಹೋಯಿತು. ಆ ಸಂಜೆ ಟೀವಿಯಲ್ಲಿ ಅದನ್ನು ಕೇಳಿದಾಗ ಈ ಸಲ ಪಾಯಸಕ್ಕಿಡಲಿಲ್ಲ. ನಾನು ಬೇಡಿದ್ದೇ ಸಿಕ್ಕಿತ್ತು. ಸಿನಿಮಾ ಜೊತೆಗೆ ಸ್ಕ್ಯಾನೂ ಮುಂದಕ್ಕೆ ಹೋಗಿತ್ತು. ಒಳಗೆ ಏನಾದರೂ ಬೆಳೆಯುತ್ತಿದ್ದರೆ ಅದಕ್ಕೆ ಇನ್ನಷ್ಟು ದಿನ ಕೊಟ್ಟವಳು ನಾನೇ ಅನ್ನಿಸಿಬಿಟ್ಟಿತು. ಮಾರನೇ ದಿನ ದೇವಸ್ಥಾನದ ಮುಂದೆ ಹಾದು ಹೋದೆ, ಒಳಗೆ ಹೋಗಲಿಲ್ಲ. ಏನು ಕೇಳಬೇಕು ಅಂತಲೇ ತಿಳಿಯಲಿಲ್ಲ. ಅಕ್ಕನಿಗೆ ಫೋನ್ ಮಾಡಿ ಜಗಳ ಆಡಿದೆ. ನಿನಗೆ ಬುದ್ಧಿ ಇದೆಯಾ, ನೀನೇನು ಚಿಕ್ಕ ಹುಡುಗಿಯಾ ಅಂತೆಲ್ಲ ಕೂಗಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಆಯ್ತು, ಇಡ್ತೀನಿ, ಹಾಲು ಉಕ್ಕುತ್ತೆ" ಅಂದಳು.

ಕೊನೆಗೆ ದಿನ ಗೊತ್ತಾಯಿತು, ಈ ಸಲ ಬದಲಾಗಲಿಲ್ಲ. ಎರಡು ವಾರ ಮೊದಲೇ ಊರು ಆ ಸಿನಿಮಾದ ವಶಕ್ಕೆ ಹೋಯಿತು. ಕನಕಪುರ ರಸ್ತೆಯ ಮೆಟ್ರೊ ಕಂಬಗಳ ಮೇಲೆಲ್ಲ ಒಂದೇ ಚಿತ್ರ. ಮೂಗಿನವರೆಗೆ ನೀರಿನಲ್ಲಿ ಮುಳುಗಿದ ರಾಣಿಯ ಮುಖ, ತೆರೆದ ಎರಡು ಕಣ್ಣು. ಬಸ್ಸಿನಲ್ಲಿ ಕೂತರೆ ಕಂಬದಿಂದ ಕಂಬಕ್ಕೆ ಆ ಕಣ್ಣು ಹಿಂದೆಯೇ ಬರುತ್ತಿತ್ತು. ಟ್ರೈಲರಿನಲ್ಲಿ ಒಂದು ನಗಾರಿ ಸದ್ದಿತ್ತು, ಮೂರು ಪೆಟ್ಟು, ಆಮೇಲೆ ಮೌನ. ಅದು ಎಲ್ಲರ ಫೋನಿನಲ್ಲೂ ರಿಂಗ್‌ಟೋನ್ ಆಯಿತು. ತರಕಾರಿ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಪಕ್ಕದ ಮನೆಯಲ್ಲಿ, ಎಲ್ಲೆಂದರಲ್ಲಿ ಢಂ ಢಂ ಢಂ. ಪ್ರತಿ ಸಲವೂ ನನ್ನ ಕೈ ಎದೆಗೆ ಹೋಗುತ್ತಿತ್ತು.

ಟಿಕೆಟ್ ಸಿಗುತ್ತಿಲ್ಲ ಅಂತ ಅಕ್ಕನಿಗೆ ಸುಳ್ಳು ಹೇಳಿ ನೋಡಿದೆ. ಅಷ್ಟರಲ್ಲಿ ನನ್ನ ಗಂಡ, ಯಾವತ್ತೂ ಒಂದು ಕರೆಂಟ್ ಬಿಲ್ ಆನ್‌ಲೈನ್ ಕಟ್ಟದ ಪುಣ್ಯಾತ್ಮ, ಅಕ್ಕ ತಂಗಿ ಇಬ್ಬರಿಗೂ ಮಾಲಿನಲ್ಲಿ ಮಲಗುವ ಸೀಟೇ ಬುಕ್ ಮಾಡಿ ಎದೆ ಉಬ್ಬಿಸಿಕೊಂಡು ಬಂದರು. "ನೀವು ಬರಲ್ವಾ?" ಅಂದರೆ, "ಮೂರೂವರೆ ಗಂಟೆ ಕೂತ್ಕೊಳೋಕೆ ನನ್ ಪ್ರಾಸ್ಟೇಟ್ ಪರ್ಮಿಷನ್ ಕೊಡಲ್ಲ" ಅಂದರು.

ಮಧ್ಯಾಹ್ನದ ಶೋ. ಕನಕಪುರ ರಸ್ತೆಯ ಮಾಲಿನ ಮುಂದೆ ಅಕ್ಕ ನನಗಿಂತ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಒಳ್ಳೇ ಮೈಸೂರು ರೇಷ್ಮೆ ಉಟ್ಟಿದ್ದಳು.

"ಏನಿದು, ಮದುವೆಗೆ ಬಂದ ಹಾಗೆ?"

"ರಾಣಿ ನೋಡೋಕೆ ಹೋಗೋವಾಗ ನೈಟೀಲಿ ಬರ್ಲಾ?"

ಎದ್ದೇಳುವಾಗ ನನ್ನ ಕೈ ಹಿಡಿದಳು. ಬಿಸಿ ಇತ್ತು. ಜ್ವರವಾ ಅಂದೆ, ಬಿಸಿಲು ಅಂದಳು. ಆ ಹೊತ್ತಿಗೆ ಮೋಡ ಮುಚ್ಚಿತ್ತು.

ಸಿನಿಮಾ ಶುರುವಾಯಿತು. ನಗಾರಿ ಬಾರಿಸಿದ ಹೊಡೆತಕ್ಕೆ ನಮ್ಮ ಸೀಟು ನಡುಗಿತು. ಕಲ್ಯಾಣಿಯ ನೀರು, ಗುಳ್ಳೆಗಳು. ಹಾಲ್ ತುಂಬ ಜನ ಉಸಿರು ಬಿಗಿಹಿಡಿದಿದ್ದರು. ಅಕ್ಕ ಒರಗುವ ಸೀಟಿನಲ್ಲೂ ಒರಗದೆ ನೆಟ್ಟಗೆ ಕೂತಿದ್ದಳು. ಆಗ ನೀರು ಸಿಡಿದು, ರಾಣಿ ಒಂದು ದೈತ್ಯ ಮೊಸಳೆಯ ಬೆನ್ನ ಮೇಲೆ ನಿಂತು, ಕೈಯಲ್ಲಿ ತ್ರಿಶೂಲ ಹಿಡಿದು ಮೇಲೆ ಬಂದಳು. ಕೂದಲು ಒದ್ದೆಯಾಗಿರಲಿಲ್ಲ. ಇಡೀ ಥಿಯೇಟರ್ ಕುಣಿದೆದ್ದಿತು, ಸಿಳ್ಳೆ, ಕೇಕೆ, ಕಾಗದದ ಚೂರು. ಪಕ್ಕದ ಹುಡುಗಿ, "ಸಖತ್ ಮಗಾ!" ಅಂತ ಕಿರುಚಿದಳು.

ನಾನು ಏನು ಅನ್ನಲಿ? ಬದುಕಿದಳಲ್ಲ ಅಂತ ಕಣ್ಣಲ್ಲಿ ನೀರೇ ಬಂತು. ಅದೇ ಕ್ಷಣ ಮೋಸ ಹೋದೆ ಅಂತಲೂ ಅನ್ನಿಸಿತು. ಒಬ್ಬ ಹೆಂಗಸು, ದಾರಿ ಇದೆಯೋ ಇಲ್ಲವೋ ಗೊತ್ತಿಲ್ಲದೆ, ಇದ್ದ ಒಂದು ಉಸಿರನ್ನು ನಂಬಿ ಕತ್ತಲಿಗೆ ಇಳಿದಿದ್ದಳು. ಇವರು ಅವಳಿಗೆ ಮೊಸಳೆ ಕೊಟ್ಟರು. ಇಷ್ಟು ವರ್ಷ ನಾನು ಕಾದದ್ದು, ಹೆದರಿದ್ದು ಇದಕ್ಕಾ? ಅಕ್ಕನ ಕಡೆ ನೋಡಿದೆ. ಅವಳು ನಗಲೂ ಇಲ್ಲ, ಚಪ್ಪಾಳೆ ತಟ್ಟಲೂ ಇಲ್ಲ. ನಿಧಾನವಾಗಿ ಹಿಂದಕ್ಕೆ ಒರಗಿದಳು.

ಇಂಟರ್ವಲ್ಲಿನಲ್ಲಿ ನೀರು ಮಾತ್ರ ಕುಡಿದಳು. ಎರಡನೇ ಅರ್ಧ ಪೂರ್ತಿ ಯುದ್ಧ. ಆನೆ, ಬೆಂಕಿ, ಬೆಂಕಿ ಹತ್ತಿದ ಆನೆ. ಮೊದಲ ಭಾಗದಲ್ಲಿ ಕೋಟೆಯೊಳಗಿನ ಹಸಿವು ತೋರಿಸಲು ಒಂದು ಖಾಲಿ ಕಣಜ ಗುಡಿಸುವ ಸದ್ದು ಸಾಕಾಗಿತ್ತು. ಇಲ್ಲಿ ಯಾರಿಗೂ ಹಸಿವೇ ಆಗುವುದಿಲ್ಲ. ಹಾಗಂತ ಎಲ್ಲ ಕೆಟ್ಟದ್ದು ಅನ್ನಲಾರೆ. ಯುದ್ಧಕ್ಕೆ ಮುಂಚೆ ರಾಣಿ ತನ್ನ ಮಗನ ತಲೆಗೆ ಎಣ್ಣೆ ಹಚ್ಚುವ ಒಂದು ದೃಶ್ಯವಿತ್ತು, ಒಂದು ನಿಮಿಷವೂ ಇರಲಿಲ್ಲ. ಅದನ್ನು ಕಣ್ಣು ಮಿಟುಕಿಸದೆ ನೋಡಿದೆ. ಇದನ್ನು ತೆಗೆಯಬಲ್ಲವರು ಆ ಮೊಸಳೆ ಯಾಕೆ ತಂದರು ಅಂತ ಇನ್ನಷ್ಟು ಸಿಟ್ಟು ಬಂತು.

ಆ ದೃಶ್ಯ ಆದ ಮೇಲೆ ಅಕ್ಕನ ಕಡೆ ತಿರುಗಿದೆ. ಅವಳ ತಲೆ ಒಂದು ಪಕ್ಕಕ್ಕೆ ವಾಲಿತ್ತು. ಕಣ್ಣು ಮುಚ್ಚಿತ್ತು. ಸಿನಿಮಾ ಮಂದಿರದಲ್ಲಿ ಅಕ್ಕ ಕಣ್ಣು ಮುಚ್ಚಿದ್ದನ್ನು ನಾನು ಹುಟ್ಟಿದಾರಭ್ಯ ಕಂಡಿರಲಿಲ್ಲ.

ಅಕ್ಕ ಅಂದೆ. ನಗಾರಿಯ ಅಬ್ಬರದಲ್ಲಿ ನನ್ನ ಧ್ವನಿ ನನಗೇ ಕೇಳಲಿಲ್ಲ. ಮುಟ್ಟಲು ಕೈ ಚಾಚಿದೆ, ಮುಟ್ಟಲಾಗಲಿಲ್ಲ. ಮುಟ್ಟಿದರೆ ಗೊತ್ತಾಗಿಬಿಡುತ್ತದೆ. ಗೊತ್ತಾಗದೆ ಇರುವಷ್ಟು ಹೊತ್ತು ಅವಳು ಇದ್ದಾಳೆ. ಪರದೆಯ ಮೇಲೆ ಕೋಟೆ ಉರಿಯುತ್ತಿತ್ತು, ಆ ಕೆಂಪು ಬೆಳಕು ಅವಳ ಸೀರೆಯ ಮೇಲೆ ಅಲುಗಾಡುತ್ತಿತ್ತು. ಅಲುಗುತ್ತಿರುವುದು ಬೆಳಕೋ ಅವಳ ಎದೆಯೋ ಅಂತ ತಿಳಿಯುತ್ತಿರಲಿಲ್ಲ. ಸುತ್ತ ಜನ ಕೇಕೆ ಹಾಕುತ್ತಿದ್ದರು. ಆ ಸಿನಿಮಾದ ಕ್ಲೈಮ್ಯಾಕ್ಸನ್ನು ನಾನು ನೋಡಲಿಲ್ಲ. ಅಕ್ಕನ ಸೆರಗಿನ ಅಂಚನ್ನೇ ನೋಡುತ್ತಾ ಕೂತಿದ್ದೆ.

"ಸ್ಕ್ರೀನು ಆ ಕಡೆ ಇದೆ" ಅಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ.

ನನಗೆ ಅಳು ಬಂತು, ನಗು ಬಂತು, ಅವಳಿಗೆ ಎರಡು ಬಾರಿಸಬೇಕು ಅಂತಲೂ ಅನ್ನಿಸಿತು.

ಅಷ್ಟರಲ್ಲಿ ಸದ್ದು ನಿಂತಿತು. ಗೆದ್ದ ರಾಣಿ ಸಮುದ್ರದ ಕಡೆ ನೋಡುತ್ತಾಳೆ, ದೂರದಲ್ಲಿ ಹಡಗುಗಳು. ಮೂರನೇ ಭಾಗ ಬರುತ್ತದೆ ಅಂತ ಅಕ್ಷರ ಬಂತು. ಥಿಯೇಟರೆಲ್ಲ ಅಯ್ಯೋ ಅಂದಿತು. "ಇನ್ನೂ ಒಂದಾ? ಸಾಕ್ ಬಿಡ್ರಪ್ಪಾ" ಅಂತ ಯಾರೋ ಕೂಗಿದರು. ನಾನೊಬ್ಬಳೇ ಚಪ್ಪಾಳೆ ತಟ್ಟಿದೆ. ಪಕ್ಕದ ಹುಡುಗಿ ನನ್ನನ್ನು ವಿಚಿತ್ರವಾಗಿ ನೋಡಿದಳು, "ಆಂಟಿಗೆ ಭಾರೀ ಇಷ್ಟ ಆಗಿದೆ" ಅಂದಳು. ಮುಗಿದಿಲ್ಲ, ಮುಗಿದಿಲ್ಲ ಅಂತ ನನ್ನ ತಲೆಯಲ್ಲಿ ಒಂದೇ ಮಾತು. ಆ ನಿರ್ಮಾಪಕನ ದುರಾಸೆಗೆ ಕೈ ಮುಗಿಯಬೇಕು ಅನ್ನಿಸಿತು.

ಹೊರಗೆ ಬಂದು ಒಂದು ಬೆಂಚಿನ ಮೇಲೆ ಕೂತೆವು. ನನಗೆ ತಡೆಯಲಾಗಲಿಲ್ಲ.

"ಅಕ್ಕ, ಮೂರನೇದು ಇನ್ನೂ ನಾಲ್ಕೈದು ವರ್ಷ ಆಗುತ್ತೆ. ಮೂರನೇದು ನೋಡೋವರ್ಗೂ ಅಂತ ಹೇಳು. ಅವತ್ತು ಅಂದ್ಯಲ್ಲ, ಹಾಗೇ ಇನ್ನೊಂದ್ಸಲ ಹೇಳು."

ಅಕ್ಕ ನನ್ನ ಮುಖ ನೋಡಿದಳು. ಅವಳು ಯಾವತ್ತೂ ನನ್ನನ್ನು ಹಾಗೆ ಕನಿಕರದಿಂದ ನೋಡಿದವಳಲ್ಲ.

"ಸ್ಕ್ಯಾನ್ ಆಗ್ಲೇ ಆಯ್ತು ಕಣೇ" ಅಂದಳು. "ಯುಗಾದಿ ಆದ್ಮೇಲೆ ಹೋಗಿದ್ದೆ."

"ಒಬ್ಳೇನಾ?"

"ಆಟೋದವ್ನಿದ್ದ" ಅಂದಳು. ಆಮೇಲೆ, "ಲಿವರ್‌ಗೆ ಹೋಗಿದೆ. ಬೆನ್ನಿಗೂ. ಇನ್ನೊಂದ್ ರೌಂಡ್ ಕೀಮೋ ಕೊಟ್ ನೋಡ್ಬಹುದು ಅಂದ್ರು. ಬೇಡ ಅಂದೆ."

ಮಾಲಿನ ಮುಂದೆ ಮುಂದಿನ ಶೋಗೆ ಜನ ನುಗ್ಗುತ್ತಿದ್ದರು. ನಾನು ಏನೇನೋ ಅಂದೆ. ಬೇರೆ ಡಾಕ್ಟರಿಗೆ ತೋರಿಸೋಣ, ಹೊಸ ಔಷಧಿ ಬಂದಿದೆಯಂತೆ, ಹೋದ ಸಲ ಐಸಿಯುನಿಂದ ಎದ್ದು ಬರಲಿಲ್ಲವಾ, ಆ ಮಾತಿಗೆ ಅಷ್ಟು ಬಲವಿತ್ತಲ್ಲ ಅಂತ. ಅವಳು ನನ್ನ ಕೈ ತಟ್ಟಿ ನಿಲ್ಲಿಸಿದಳು.

"ನಾನ್ ಬದುಕಿದ್ದು ಸಿನಿಮಾಗಲ್ಲ ಕಣೇ, ದಡ್ಡಿ. ದಿನಾ ಬಂದು ಸ್ಟೂಲ್ ಮೇಲೆ ಕೂತ್ಕೋತಿದ್ಯಲ್ಲ, ಆ ಮುಖಕ್ಕೆ. ಪಿಚ್ಚರ್ ಬಂದಿಲ್ಲ ಅಂದಿದ್ದೂ ನೀನು ನಗ್ಲಿ ಅಂತ. ನಿನ್ ಮುಖ ನೋಡಿನೇ ಎಲ್ಲಾನೂ ನುಂಗ್ದೆ. ಇನ್ನೊಂದ್ಸಲ ನನ್ ಕೈಲಾಗಲ್ಲ. ನೀನ್ ಬೇಕು ಅಂದ್ರೆ ನಾನು ಇಲ್ಲ ಅನ್ನಲ್ಲ, ಮತ್ತೆ ಹೋಗಿ ಮಲಗ್ತೀನಿ. ಅದಕ್ಕೇ ಕೇಳ್ತಿದ್ದೀನಿ. ಬಲವಂತ ಮಾಡ್ಬೇಡ. ಮಾಡಲ್ಲ ತಾನೇ?"

ಸಿನಿಮಾದ ಭಯ ಇಷ್ಟು ವರ್ಷ ನನಗೆ ಎಷ್ಟು ಅನುಕೂಲವಾಗಿತ್ತು ಅಂತ ಆಗ ಗೊತ್ತಾಯಿತು. ಅಸ್ತು ದೇವತೆ, ಗರಿಕೆ, ಗ್ರಾಫಿಕ್ಸ್, ಎಲ್ಲದರ ಮೇಲೂ ಭಾರ ಹಾಕಿದ್ದೆ. ಈಗ ಬೇರೆ ಯಾರೂ ಇರಲಿಲ್ಲ. ಅವಳು ನನ್ನನ್ನೇ ಕೇಳುತ್ತಿದ್ದಳು. ಬೇಕು ಅನ್ನುವ ಒಂದು ಮಾತು ನನ್ನ ನಾಲಿಗೆಯ ಮೇಲೆ ಕೂತಿತ್ತು, ಅಂದರೆ ಅವಳು ಮಾಡುತ್ತಿದ್ದಳು.

"ಮಾಡಲ್ಲ" ಅಂದೆ.

ಅವಳು ಉಸಿರು ಬಿಟ್ಟಳು. ಬಹಳ ಹೊತ್ತು ಹಿಡಿದಿಟ್ಟಿದ್ದ ಹಾಗೆ ಕಂಡಿತು.

ಮೆಟ್ರೊ ಸ್ಟೇಷನ್ನಿನಲ್ಲಿ ಅವಳದು ಆ ಕಡೆಯ ಪ್ಲಾಟ್‌ಫಾರ್ಮ್, ನನ್ನದು ಈ ಕಡೆಯದು. ನಾನು ಅವಳ ಹಿಂದೆಯೇ ಹೋದೆ.

"ನೀನೆಲ್ಲಿಗೆ? ನಿಮ್ಮನೆ ಆ ಕಡೆ" ಅಂದಳು.

"ನಿಮ್ಮನೇಲೇ ಇರ್ತೀನಿ. ಅವ್ರಿಗೆ ಆಮೇಲೆ ಫೋನ್ ಮಾಡಿ ಹೇಳ್ತೀನಿ."

"ಬಟ್ಟೆ?"

"ನಿಂದೇ ಯಾವ್ದಾದ್ರೂ ಹಾಕ್ಕೋತೀನಿ. ಯಾವಾಗ್ಲೂ ನಿನ್ ಬ್ಲೌಸ್ ಅಲ್ವಾ ನಂಗೆ ಲೂಸಾಗ್ತಿದ್ದಿದ್ದು?"

ಅಕ್ಕ ನಕ್ಕಳು. "ಎಲ್ಲಾನೂ ಟೈಲರ್ ಹತ್ರ ಹಿಡಿಸ್ಕೊಂಡಿದ್ದೀನಿ ಕಣೇ. ಈಗ ನಿಂಗೆ ಹಿಡಿಸಲ್ಲ" ಅಂದಳು.

ರೈಲು ಬಂತು. ಅವಳು ನನ್ನ ತೋಳು ಹಿಡಿದುಕೊಂಡೇ ಹತ್ತಿದಳು.